ಸನ ನಲವತ್ತೇಳು

ಈಶಪ್ಪ ಮಾಸ್ತರರು ಚೀಟಿ ಓದಿದ ಎಂಟನೆಯ ದಿನಕ್ಕೆ ಗಜೇಂದ್ರಗಡದಲ್ಲಿ ಹೆಣ ಬಿತ್ತು. ಚೀಟಿ ಅಂದರೆ ದೊಡ್ಡ ಕಾಗದವೇನಲ್ಲ. ಅಂಗೈಯಷ್ಟು ಅಗಲ, ನಾಲ್ಕೂ ಮೂಲೆ ಹುಳ ತಿಂದದ್ದು, ಅದರ ಮೇಲೆ ನಾಲ್ಕೇ ಮಾತು. ಮೊದಲು ಚೀಟಿಯ ಸಂಗತಿ ಹೇಳುತ್ತೇನೆ, ಹೆಣದ ಸಂಗತಿ ಅದರ ಬೆನ್ನ ಹಿಂದೆಯೇ ಬರುತ್ತದೆ.

ನಮ್ಮ ಊರಲ್ಲಿ ಕಲಾ ಕೌಶಲ್ಯ ಸಭಾ ಅಂತ ಒಂದಿದೆ. ಇಂಗ್ಲಿಷರ ಕಾಲದಲ್ಲಿ ಹುಟ್ಟಿದ್ದು. ವರ್ಷಕ್ಕೊಮ್ಮೆ ಪ್ರದರ್ಶನ ನಡೆಸುತ್ತಾರೆ. ನರಗುಂದ, ರೋಣ, ಸವಡಿ, ಮುಶಿಗೇರಿ ಕಡೆಯಿಂದ ಕಂಬಳಿ, ಕೌದಿ, ಕಟ್ಟಿಗೆ ಕೆತ್ತನೆ, ಸೀರೆ ಎಲ್ಲ ಬರುತ್ತವೆ. ಬಹುಮಾನ ಬಂದ ಸೀರೆಯ ಸೆರಗಿನ ಮೂಲೆಯಿಂದ ಒಂದು ಗೇಣು ಕತ್ತರಿಸಿ ದಪ್ಪ ಹಾಳೆಗೆ ಅಂಟಿಸುವುದು ಮೊದಲಿನಿಂದ ಬಂದ ಪದ್ಧತಿ. ಕೆಳಗೆ ನೇಕಾರ ತಂದ ಚೀಟಿಯನ್ನು ಅಂಟಿಸಬೇಕು. ಅದನ್ನು ತಿದ್ದಬಾರದು, ಚೆಂದ ಅಕ್ಷರದಲ್ಲಿ ಬೇರೆ ಬರೆಯಬಾರದು. ಅವನು ಹೇಗೆ ಬರೆಸಿಕೊಂಡು ಬಂದನೋ ಹಾಗೆಯೇ ಇರಬೇಕು. ಇಂಥ ಹಾಳೆಗಳು ಸಭಾದ ಹಿಂದಿನ ದಫ್ತರದ ಕೋಣೆಯಲ್ಲಿ ಮೂರು ಕಪಾಟು ತುಂಬಿದ್ದವು. ಬಹುಮಾನದ ಪಟ್ಟಿಗಳನ್ನು ಎಂದೋ ಗೆದ್ದಲು ತಿಂದಿತ್ತು. ಹಾಳೆಗಳ ಹೊಲಿಗೆ ಬಿಚ್ಚಿ, ಯಾವುದರ ಹಿಂದೆ ಯಾವುದು ಅನ್ನುವುದೂ ತಪ್ಪಿಹೋಗಿತ್ತು. ಕೀಲಿ ಕೈ ಈಶಪ್ಪನವರ ಹತ್ತಿರ. ಸಾಲಿ ಮಾಸ್ತರರಾಗಿ ನಿವೃತ್ತರಾದ ಮೇಲೆ ಸಭಾದ ಕಾರ್ಯದರ್ಶಿ ಅವರೇ.

೨೦೦೬ರ ದೀಪಾವಳಿ ಮುಗಿದ ವಾರ ಬೆಂಗಳೂರಿನ ಒಂದು ಕಚೇರಿಯಿಂದ ಕಾಗದ ಬಂತು. ಕಾಗೆಗಣ್ಣಿನ ಅಂಚನ್ನು ಮೊದಲು ನೇಯ್ದ ಮನೆತನ ಯಾವುದು, ದಾಖಲೆ ಸಮೇತ ತಿಳಿಸಿರಿ, ಅವರ ಹೆಸರಿಗೆ ನಮೂನೆ ನೋಂದಾಯಿಸುತ್ತೇವೆ, ಉಳಿದವರು ಅವರನ್ನು ಕೇಳಿ ನೇಯಬೇಕಾಗುತ್ತದೆ ಅಂತ. ಕಾಗೆಗಣ್ಣು ಅಂದರೆ ಕೆಂಪು ಅಂಚಿನ ಮೇಲೆ ಕರಿಯ ಹರಳು, ಹರಳಿನ ನಡುವೆ ಒಂದೇ ಬಿಳಿಯ ಎಳೆ. ದೂರದಿಂದ ನೋಡಿದರೆ ಸೀರೆಯೇ ನಮ್ಮನ್ನು ನೋಡಿದ ಹಾಗೆ ಕಾಣುತ್ತದೆ. ಊರಲ್ಲಿ ಅದನ್ನು ನೇಯುವವರು ಎರಡೇ ಮನೆ. ಒಂದು ಪರಶಪ್ಪ ಸಾವುಕಾರರದು, ಇಪ್ಪತ್ತು ಮಗ್ಗದ ದೊಡ್ಡ ಷೆಡ್ಡು. ಇನ್ನೊಂದು ಅಕ್ಬರಸಾಬರದು. ಮನೆಯೊಳಗೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮೂರು ಕುಣಿ ಮಗ್ಗ, ನೇಯುವವರು ಅವರು, ಅವರ ಮಗ ಸಾಜೀದ, ಸೊಸೆ.

ಸಭಾದಲ್ಲಿ ಎಲ್ಲರ ಮುಂದೆ ಈಶಪ್ಪನವರು ಎರಡು ಹಾಳೆ ತೆಗೆದಿಟ್ಟರು. ಪರಶಪ್ಪನವರ ತಂದೆಯ ಚೀಟಿಯ ಮೇಲೆ ೧೯೪೧ ಅಂತ ಪೂರ್ತಿ ಬರೆದಿತ್ತು. ಅಕ್ಬರಸಾಬರ ಅಜ್ಜನ ಚೀಟಿಯ ಮೇಲೆ ಇದ್ದದ್ದು ಇಷ್ಟು: ಇಮಾಮಸಾಬ, ಹನಮಸಾಗರ, ಸನ ೪೭.

"ಅಕ್ಬರಸಾಬರ, ನಿಮ್ಮದು ನಲವತ್ತೇಳು. ಪರಶಪ್ಪಂದು ನಲವತ್ತೊಂದು. ಆರು ವರ್ಷ ಅವರದ ಮೊದಲ ಆತು," ಅಂದರು ಈಶಪ್ಪನವರು.

"ಇನ್ನೊಮ್ಮೆ ನೋಡ್ರಿ ಮಾಸ್ತರ್ರ. ನಮ್ಮಜ್ಜಂದು ಭಾಳ ಹಿಂದಿಂದು ಅಂತ ನಮ್ಮವ್ವ ಹೇಳತಾಳ."

"ನಿಮ್ಮವ್ವ ಹೇಳತಾಳ, ಖರೇ. ಕಾಗದ ಹೇಳಬೇಕಲ್ಲ? ಮೂವತ್ತೈದು ವರ್ಷ ಹುಡುಗೂರಿಗೆ ಅಂಕಿ ತಿದ್ದಿಸೇನಿ. ನಾಕು ಯಾವ್ದು, ಏಳು ಯಾವ್ದು ಅಂತ ನನಗ ಗೊತ್ತಾಗೂದಿಲ್ಲೇನು?"

ಕೂತವರು ನಕ್ಕರು. ಅಕ್ಬರಸಾಬರಿಗೆ ಓದಲು ಬರುತ್ತಿರಲಿಲ್ಲ. ಟೊಪ್ಪಿಗೆ ಸರಿ ಮಾಡಿಕೊಂಡು ಎದ್ದು ಹೋದರು.

ಪರಶಪ್ಪನವರ ಮಗ ಬಸ್ಯಾ ಅವತ್ತೇ ಸಂಜೆ ಅಕ್ಬರಸಾಬರ ಬಾಗಿಲಿಗೆ ಬಂದು, "ನಾಳಿಂದ ಕಾಗಿಗಣ್ಣು ಬಂದ್," ಅಂದ. "ಮಗ್ಗದ ಮ್ಯಾಲಿದ್ದ ಹಾಸು ಮುಗೀಲಿ ತಮ್ಮಾ, ಆಮ್ಯಾಲ ನಿಂದರಸ್ತೀವಿ," ಅಂದರು ಅಕ್ಬರಸಾಬರು. ಹಾಸು ಅಂದರೆ ಮಗ್ಗಕ್ಕೆ ಏರಿಸಿದ ಉದ್ದದ ನೂಲು. ಅದು ಏರಿದ ಮೇಲೆ ಪೂರ್ತಿ ನೇಯ್ದೇ ಇಳಿಸಬೇಕು. ನಡುವೆ ನಿಲ್ಲಿಸಿದರೆ ಎಲ್ಲ ನೂಲೂ ಹಾಳು. ನೇಕಾರರ ಮನೆಯಲ್ಲಿ ಹುಟ್ಟಿದ ಬಸ್ಯಾನಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಪೇಟೆಯಲ್ಲಿ ಗೆಳೆಯರು ಅವನನ್ನು ಕಿಚಾಯಿಸತೊಡಗಿದರು. "ಏನಲೇ ಬಸ್ಯಾ, ನಿಮ್ಮ ಕಾಗಿ ಇನ್ನೂ ಸಾಬರ ಮನ್ಯಾಗ ಕಾಳ ತಿನ್ನಾಕತೈತೇನು?" ಅಂತ ಒಬ್ಬ ಅಂದನಂತೆ. ಏಳು ದಿನ ಅದನ್ನೇ ಕೇಳಿ ಕೇಳಿ ಎಂಟನೆಯ ದಿನ ಮುಂಜಾನೆ ಅವನು ನಾಲ್ಕು ಜನರನ್ನು ಕರೆದುಕೊಂಡು, ಮೇವು ಕೊಯ್ಯುವ ಕುಡಗೋಲು ಹಿಡಿದುಕೊಂಡು ಬಂದ.

ಮೂರೂ ಮಗ್ಗ ನಡೆದಿದ್ದವು. ಸದ್ದಿಗೆ ಬಾಗಿಲು ಒದ್ದದ್ದು ಕೇಳಲಿಲ್ಲ. ಬಸ್ಯಾ ಮೊದಲನೆಯ ಮಗ್ಗದ ಹಾಸಿನ ನೂಲಿಗೆ ಕುಡಗೋಲು ಹಾಕಿ ಎಳೆದ. ಬಿಗಿಯಾಗಿ ನಿಂತ ಸಾವಿರಾರು ಎಳೆ ಒಂದೇ ಸಲ ಹರಿದು, ಚಾವಟಿಯ ಹಾಗೆ ಹಾರಿ ಸೊಸೆಯ ಮುಖಕ್ಕೆ ಬಡಿದವು. ಅವಳು ಕಣ್ಣು ಮುಚ್ಚಿಕೊಂಡು ಕಿರುಚುತ್ತ ಕುಣಿಯೊಳಗೆ ಕುಸಿದಳು. ಎರಡನೆಯ ಮಗ್ಗ ಸಾಜೀದನದು. ಅವನನ್ನು ಇಬ್ಬರು ತೋಳು ಹಿಡಿದು ಎಳೆದು ಗೋಡೆಗೆ ಅಪ್ಪಳಿಸಿದರು. ಮೂಗಿನ ಎಲುಬು ಮುರಿದು ನೆತ್ತರು ಗಡ್ಡದ ಮೇಲೆ ಇಳಿಯಿತು. ಅವನ ಹಾಸೂ ಹೋಯಿತು.

ಮೂರನೆಯದು ಅಕ್ಬರಸಾಬರದು. ಇನ್ನು ಎರಡು ಮೊಳ ನೇಯ್ದರೆ ಸೀರೆ ಮುಗಿಯುತ್ತಿತ್ತು. ಅವರು ಕುಣಿಯಿಂದ ಏಳಲಿಲ್ಲ. ಬಲಗೈಯನ್ನು ಚಾಚಿ ಹಾಸಿನ ಮೇಲೆ ಇಟ್ಟರು. ಮಗುವಿನ ಎದೆಯ ಮೇಲೆ ಇಟ್ಟ ಹಾಗೆ.

"ಕೈ ತಗೀಯೋ ಮುದಕಾ."

"ಬ್ಯಾಡ ಬಸ್ಯಾ. ಎರಡ ಮೊಳ ಐತಿ."

"ಕಳ್ಳ ನನ ಮಗನ, ಕೈ ತಗೀ ಅಂದ್ರ!"

ಕುಡಗೋಲು ಬಿತ್ತು. ಮೂರು ಬೆರಳು ನೂಲಿನ ಜೊತೆ ತುಂಡಾಗಿ ಅಂಚಿನ ಮೇಲೆ ಬಿದ್ದವು. ಅಕ್ಬರಸಾಬರು ಕೂಗಲಿಲ್ಲ. ಉಳಿದ ಎರಡು ಬೆರಳಿನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದು ಯಾರದೋ ಅನ್ನುವ ಹಾಗೆ.

ಅಷ್ಟರಲ್ಲಿ ಸಾಜೀದ ಕೈ ಬಿಡಿಸಿಕೊಂಡಿದ್ದ. ನೇಯ್ದ ಬಟ್ಟೆ ಸುತ್ತುವ ಜಾಲಿಯ ದಿಂಡು ಸಡಿಲಾಗಿ ಬಿದ್ದಿತ್ತು. ಅದನ್ನು ಎರಡೂ ಕೈಯಿಂದ ಎತ್ತಿ ಬಸ್ಯಾನ ತಲೆಗೆ ಹಾಕಿದ. ಬಸ್ಯಾ ಮೊಣಕಾಲೂರಿ ಕೂತ. ಎರಡನೆಯ ಏಟಿಗೆ ಮಗ್ಗುಲಾಗಿ ಬಿದ್ದ. ಜೊತೆಗೆ ಬಂದ ನಾಲ್ವರು ಅವನನ್ನು ಅಲ್ಲೇ ಬಿಟ್ಟು ಓಡಿದರು. ಮೂರನೆಯ ಏಟು ಬೇಕಿರಲಿಲ್ಲ. ಆದರೂ ಸಾಜೀದ ಹಾಕಿದ. ಆಮೇಲೆ ದಿಂಡನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಅಪ್ಪನ ಕೈಗೆ ತಲೆಯ ವಸ್ತ್ರ ಬಿಚ್ಚಿ ಕಟ್ಟಿ, ಪೊಲೀಸರು ಬರುವ ತನಕ ಕುಣಿಯ ದಂಡೆಯ ಮೇಲೆ ಕೂತಿದ್ದ. ಬಸ್ಯಾ ಗದಗಿನ ದವಾಖಾನೆಗೆ ಹೋಗುವ ದಾರಿಯಲ್ಲೇ ತೀರಿದ. ವಯಸ್ಸು ಇಪ್ಪತ್ತೆಂಟು.

ಮಣ್ಣು ಮಾಡಿ ಬಂದ ಮಧ್ಯಾಹ್ನ ಒಂದಿಷ್ಟು ಹುಡುಗರು ಪರಶಪ್ಪನವರ ಮನೆಯ ಮುಂದೆ ಸೇರಿ, ಪೇಟೆ ಬಂದ್ ಮಾಡಿಸೋಣ, ಅಕ್ಬರಸಾಬರ ಓಣಿಯವರಿಗೆ ತೋರಿಸೋಣ ಅಂದರು. ಪರಶಪ್ಪನವರು ಒಳಗಿನಿಂದ ಬಂದು ಮುಂದೆ ನಿಂತವನ ಕಪಾಳಕ್ಕೆ ಹೊಡೆದರು. "ನನ್ನ ಮಗಾ ನಿಮ್ಮ ಝಂಡಾ ಅಲ್ಲ. ನಡೀರಿ ಮನಿಗೆ," ಅಂದರು. ಊರು ಉಳಿಯಿತು. ಆದರೆ ಒಂದು ಮಾತು ಊರ ತುಂಬ ನಿಂತಿತು: ಸಾಬರು ನಮೂನೆ ಕದ್ದರು, ಕೇಳಲು ಹೋದವನನ್ನು ಕೊಂದರು, ಮಾಸ್ತರರೇ ಕಾಗದ ತೆಗೆದು ಹೇಳಿದ್ದಾರೆ. ಕಳ್ಳರು ಅನ್ನುವ ಮಾತನ್ನು ಈಶಪ್ಪನವರು ಎಂದೂ ಅಂದಿರಲಿಲ್ಲ. ಅಂದಿಲ್ಲ ಅಂತ ಯಾರಿಗೂ ಹೇಳಲೂ ಇಲ್ಲ. ಪೊಲೀಸರು ಕೇಳಿದಾಗ, ಬಸ್ಯಾ ಕುಡಗೋಲು ತಂದಿದ್ದನ್ನು ಕಂಡೆವು ಅಂತ ಹೇಳಲು ಆ ಓಣಿಯಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಕಳ್ಳರ ಪರವಾಗಿ ಯಾರು ನಿಲ್ಲುತ್ತಾರೆ?

ಬಸ್ಯಾ ತೀರಿದ ಹನ್ನೆರಡನೆಯ ದಿನ ಅಕ್ಬರಸಾಬರ ತಾಯಿ ಬದರುನ್ನಿಸಾ ಸಭಾಕ್ಕೆ ಬಂದಳು. ಎಂಬತ್ತು ದಾಟಿದ ಮುದುಕಿ. ಆ ಮೆಟ್ಟಿಲು ಅವಳು ಹಿಂದೆಂದೂ ಹತ್ತಿರಲಿಲ್ಲ.

"ಮಾಸ್ತರ, ಆ ಅರಿವಿ ತುಂಡ ನನಗೊಮ್ಮೆ ತೋರಸ್ರಿ."

ಈಶಪ್ಪನವರು ಹಾಳೆ ತಂದು ಮೇಜಿನ ಮೇಲಿಟ್ಟರು. ಮುದುಕಿ ಬಗ್ಗಿ, ಕಣ್ಣಿಗಿಂತ ಹೆಚ್ಚು ಹೆಬ್ಬೆರಳಿನಿಂದ ನೋಡಿದಳು.

"ನನ್ನ ಲಗ್ನದ ಸೀರಿ. ನಮ್ಮ ಮಾವ ನೇಯ್ದದ್ದು. ಲಗ್ನಾದ ಹದಿನೈದ ದಿನಕ್ಕ ನನ್ನ ಮೈಮ್ಯಾಲಿಂದ ಬಿಚ್ಚಿಸಿ ಇಲ್ಲಿಗೆ ತಂದು ಸೆರಗ ಕತ್ತರಿಸಿಕೊಟ್ಟ. ಮೊದಲ ಬಹುಮಾನ ಬಂತಂತ ಎಲ್ಲಾರೂ ಖುಷಿ, ನಾ ಒಬ್ಬಾಕಿ ಅತ್ತೆ. ಹನ್ನೆರಡ ವರ್ಷದ ಹುಡುಗಿ ನಾ, ನನಗೇನ ತಿಳೀತೈತಿ?"

"ಲಗ್ನ ಯಾವಾಗ ಆತು ದೊಡ್ಡವ್ವಾ?"

"ಸನ ನಲವತ್ತೇಳು."

"ಅದ ಮತ್ತ, ಚೀಟ್ಯಾಗೂ ಅದ ಐತಿ. ಸ್ವಾತಂತ್ರ್ಯ ಬಂದ ವರ್ಷ."

ಮುದುಕಿ ತಲೆ ಎತ್ತಿದಳು. "ಎಲ್ಲಿ ಸ್ವಾತಂತ್ರ್ಯ ಹಚ್ಚೀರಿ? ರಜಾಕಾರರ ಗದ್ದಲದಾಗ ನಾವು ಹನಮಸಾಗರ ಬಿಟ್ಟು ಈ ಗಡಕ್ಕ ಓಡಿ ಬಂದಾಗ ಅಕ್ಬರ ನನ್ನ ಬಗಲಾಗಿದ್ದ, ಮೂರ ವರ್ಷದಾಂವ. ಅವನಿಗಿಂತ ಮೊದಲ ಎರಡ ಹೆಣ್ಣ ಹಡದಿದ್ದೆ. ನಿಮ್ಮ ಸನ ಬ್ಯಾರೆ, ನಮ್ಮ ಸೀಮಿ ಸನ ಬ್ಯಾರೆರೀ. ನಿಜಾಮಂದು. ಫಸಲಿ."

ಈಶಪ್ಪನವರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಗಡದ ಆಚೆ ನಾಲ್ಕು ಹರದಾರಿ ಹೋದರೆ ಅಂದು ನಿಜಾಮನ ಸೀಮೆ, ಅಲ್ಲಿಯ ಹೊಲದ ಉತಾರದ ಮೇಲೆ, ರಸೀದಿಯ ಮೇಲೆ ಎಲ್ಲ ಫಸಲಿ ಸನವೇ ಇರುತ್ತಿತ್ತು. ಅವರಿಗೆ ತಿಳಿಯದ್ದಲ್ಲ, ಹುಡುಗರಿಗೆ ಪಾಠ ಮಾಡಿದ್ದರು. ಹನಮಸಾಗರ ಅಂತ ಚೀಟಿಯ ಮೇಲೆ ಬರೆದಿದ್ದರೂ ಆ ದಿನ ಹೊಳೆದಿರಲಿಲ್ಲ. ನೂರು ಸಲ ನೋಡಿದ ಅಂಕಿ ಅಂತ ನೋಡಿದ ಕೂಡಲೇ ಓದಿಬಿಟ್ಟಿದ್ದರು. ಮೇಜಿನ ಮೇಲೆ ಬೆರಳಿನಿಂದಲೇ ಕೂಡಿಸಿದರು. ಫಸಲಿ ನಲವತ್ತೇಳು ಅಂದರೆ ಸಾವಿರದ ಮುನ್ನೂರ ನಲವತ್ತೇಳು, ಅದಕ್ಕೆ ಐನೂರ ತೊಂಬತ್ತು ಕೂಡಿಸಿದರೆ ಇಂಗ್ಲಿಷ್ ಸನ. ಹತ್ತೊಂಬತ್ತು ನೂರ ಮೂವತ್ತೇಳು. ಪರಶಪ್ಪನವರ ಚೀಟಿಗಿಂತ ನಾಲ್ಕು ವರ್ಷ ಮೊದಲು.

"ಮಗನ ಕೈ ಹೋತು. ಮೊಮ್ಮಗ ಜೇಲಿಗೆ ಹೋದ, ಮಾಡಿದ್ದು ಉಣ್ಣಲಿ. ಅದನ್ನ ನಾ ಕೇಳಾಕ ಬಂದಿಲ್ಲ," ಅಂದಳು ಬದರುನ್ನಿಸಾ. "ಕಳ್ಳರು ಅಂತಾರಲ್ಲ, ಅದೊಂದ ಮಾತ ತಗೀರಿ. ಹಚ್ಚಿದವರು ನೀವು."

ಮನೆಗೆ ಬಂದು ಈಶಪ್ಪನವರು ಊಟ ಮಾಡಲಿಲ್ಲ. ಹೆಂಡತಿ ಕಳಕವ್ವ ತಾಟು ಮುಂದಿಟ್ಟುಕೊಂಡು ಎಲ್ಲ ಕೇಳಿದಳು.

"ಪರಶ್ಯಾಗ ಹ್ಯಾಂಗ ಹೇಳ್ಲೇ? ಒಂದ ಹಲಗಿ ಮ್ಯಾಲ ಕೂತು ಕಲತವರು ನಾವು. ನಿನ್ನ ಮಗಾ ಸತ್ತದ್ದು ನನ್ನ ತಪ್ಪಿನಿಂದ ಅಂತ ಅವನ ಮಾರಿ ನೋಡಿ ಹೇಳಲೇನು? ಜೀವಂತ ಬಿಟ್ಟಾನೇನು?"

"ಬಿಡಲಿಕ್ಕಿಲ್ಲ."

"ಮತ್ತ?"

"ಮತ್ತೇನು? ಒಬ್ಬಂದು ಬೆರಳು ಹೋದುವು, ಒಬ್ಬಂದು ಜೀವ ಹೋತು. ನಿಮ್ಮದು ಮರ್ಯಾದಿ ಒಂದ ಉಳದೈತಿ. ಅದನ್ನ ಯಾವ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ತೀರಿ, ಹೇಳ್ರಿ, ನಾನೂ ಒಂದ ದಿನಾ ಬಂದು ನೋಡ್ತೀನಿ."

ಮರುದಿನ ಹತ್ತು ಗಂಟೆಗೆ ಈಶಪ್ಪನವರು ಹಾಳೆಯನ್ನು ಚೀಲದಲ್ಲಿ ಹಾಕಿಕೊಂಡು ಪರಶಪ್ಪನವರ ಷೆಡ್ಡಿಗೆ ಹೋದರು. ಇಪ್ಪತ್ತೂ ಮಗ್ಗ ಬಡಿಯುತ್ತಿದ್ದವು. ಪರಶಪ್ಪನವರು ಬಾಗಿಲ ಹತ್ತಿರ ನೂಲಿನ ಗಂಟಿನ ಮೇಲೆ ಕೂತಿದ್ದರು. ತಲೆ ಬೋಳಿಸಿದ್ದರು.

"ಬಾರಲೇ ಈಶ್ಯಾ. ಚಹಾ ತರಸಲೇನು?"

"ಬ್ಯಾಡ. ಮೊದಲ ಕೇಳು." ನಿಂತುಕೊಂಡೇ ಹೇಳಿದರು. ಫಸಲಿ ಸನ, ಹನಮಸಾಗರ, ಮುದುಕಿಯ ಲಗ್ನ, ಕೂಡಿಸಿದ ಲೆಕ್ಕ ಎಲ್ಲ.

"ಓದು," ಅಂದರು ಪರಶಪ್ಪನವರು.

"ಇಮಾಮಸಾಬ, ಹನಮಸಾಗರ, ಸನ ನಲವತ್ತೇಳು."

"ಇನ್ನೊಮ್ಮೆ ಓದು."

ಓದಿದರು.

"ಹಂಗಾರ ನನ್ನ ಬಸ್ಯಾ ಯಾಕ ಸತ್ತ?"

"ನಾ ತಪ್ಪ ಓದಿದ್ದಕ್ಕ, ಪರಶ್ಯಾ."

ಪರಶಪ್ಪನವರು ಎದ್ದರು. ಅವರ ಮೊದಲ ಏಟು ದವಡೆಗೆ ಬಿತ್ತು. ಈಶಪ್ಪನವರ ಕನ್ನಡಕ ಹಾರಿ ಮಗ್ಗದ ಕುಣಿಯೊಳಗೆ ಬಿತ್ತು, ಅವರು ನೂಲಿನ ಗಂಟುಗಳ ನಡುವೆ ಬಿದ್ದರು. ಪರಶಪ್ಪನವರು ಎದೆಯ ಮೇಲೆ ಮೊಣಕಾಲೂರಿ ಕೂತು, ಹಾಳೆಯಿಂದ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಕಿತ್ತರು. ಅರವತ್ತೊಂಬತ್ತು ವರ್ಷದ ಅಂಟು ಒಣಗಿ ಹಪ್ಪಳವಾಗಿತ್ತು, ಕಾಗದ ಸಲೀಸಾಗಿ ಬಂತು.

"ಬಾಯಿ ತಗೀ."

ಈಶಪ್ಪನವರು ಹಲ್ಲು ಕಚ್ಚಿದರು. ಪರಶಪ್ಪನವರು ಮುಷ್ಟಿಯಿಂದ ಬಾಯಿಗೆ ಗುದ್ದಿದರು. ಮುಂದಿನ ಹಲ್ಲು ಮುರಿಯಿತು. ಎರಡು ಬೆರಳು ತುರುಕಿ ದವಡೆ ಅಗಲಿಸಿ, ಚೀಟಿಯನ್ನು ಮುದ್ದೆ ಮಾಡಿ ಗಂಟಲಿಗೆ ತಳ್ಳಿದರು.

"ಬಾಯಾಗಿಂದ ಬಂದಿತ್ತಲ್ಲ ಅವತ್ತ, ಈಗ ಬಾಯಾಗ ಹೋಗ್ಲಿ. ನುಂಗು. ನುಂಗಲೇ!"

ಮೂಗು ಹಿಡಿದರು. ಉಸಿರು ಕಟ್ಟಿ ಈಶಪ್ಪನವರ ಕಾಲು ನೆಲಕ್ಕೆ ಬಡಿದವು. ನೆತ್ತರು, ಹಲ್ಲಿನ ಚೂರು, ಕಾಗದ ಎಲ್ಲ ಕೂಡಿ ಒಳಗೆ ಇಳಿಯಿತು. ಒಂದೊಂದಾಗಿ ಮಗ್ಗಗಳು ನಿಂತವು. ಇಪ್ಪತ್ತು ಜನ ಕುಣಿಯಿಂದ ತಲೆ ಎತ್ತಿ ನೋಡುತ್ತಿದ್ದರು. ಸಾವುಕಾರರನ್ನು ಹಿಡಿಯಲು ಯಾರಿಗೂ ಧೈರ್ಯವಾಗಲಿಲ್ಲ.

"ಈಗ ಹೇಳು. ಯಾವ ಸನ?"

ಈಶಪ್ಪನವರು ಕೆಮ್ಮಿ ಕೆಮ್ಮಿ, ಮಗ್ಗುಲಾಗಿ, ಮೊಣಕೈ ಊರಿ ಹೇಳಿದರು. "ನಲವತ್ತೇಳು. ಫಸಲಿ."

ಪಕ್ಕೆಗೆ ಒದೆ ಬಿತ್ತು.

"ಯಾವ ಸನ?"

"ಫಸಲಿ ನಲವತ್ತೇಳು. ಅವರದ ಮೊದಲ."

ಪರಶಪ್ಪನವರು ಗೋಡೆಗಿದ್ದ ಅಳತೆಯ ಕೋಲು ತೆಗೆದುಕೊಂಡರು. ಭುಜಕ್ಕೆ ಹೊಡೆದರು, ಬೆನ್ನಿಗೆ ಹೊಡೆದರು, ಮುಖ ಮುಚ್ಚಿಕೊಂಡ ಕೈಗೆ ಹೊಡೆದರು. ಪ್ರತಿ ಏಟಿಗೂ ಅದೇ ಪ್ರಶ್ನೆ, ಅದೇ ಉತ್ತರ. ಸಾಲಿಯಲ್ಲಿ ಮಗ್ಗಿ ಒಪ್ಪಿಸುವವರ ಹಾಗೆ. ಉತ್ತರ ಸಣ್ಣಗಾಗುತ್ತ ಬಂತು, ನಿಲ್ಲಲಿಲ್ಲ. ಕೊನೆಗೆ ಕೋಲು ಮುರಿಯಿತು. ಪರಶಪ್ಪನವರು ಮುರಿದ ತುಂಡನ್ನು ಕೈಯಲ್ಲಿ ಹಿಡಿದು ನಿಂತು, ಸುತ್ತ ಇದ್ದವರ ಮುಖ ನೋಡಿದರು. ಯಾರೂ ಅವರ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಎತ್ತಿಕೊಂಡು ಹೋಗ್ರಿ ಇವನ್ನ," ಅಂದು ಒಳಗೆ ಹೋದರು.

ಐದು ದಿನ ಬಿಟ್ಟು ಸಭಾ ಸೇರಿತು. ಈಶಪ್ಪನವರ ದವಡೆಗೆ ಪಟ್ಟಿ ಕಟ್ಟಿತ್ತು, ಮಾತಾಡಲು ಬರುತ್ತಿರಲಿಲ್ಲ. ಹೇಳಬೇಕಾದ್ದನ್ನು ಎರಡು ಪುಟ ಬರೆದು ತಂದಿದ್ದರು. ಅಧ್ಯಕ್ಷರು ಅದನ್ನು ಓದಿದರು. ಬಾಗಿಲ ಹತ್ತಿರ ಅಕ್ಬರಸಾಬರು, ದವಾಖಾನೆಯಿಂದ ಬಂದವರು, ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದರು.

"ಎಲ್ಲಾ ಖರೇರೀ ಮಾಸ್ತರ್ರ, ಆದ್ರ ಚೀಟಿ ಎಲ್ಲಿ?" ಅಂದ ವಕೀಲಿ ಮಾಡುವ ಸದಸ್ಯನೊಬ್ಬ, ಹಾಳೆಯನ್ನು ಎತ್ತಿ ತೋರಿಸುತ್ತ. ಅರಿವೆಯ ತುಂಡು ಇತ್ತು. ಅದರ ಕೆಳಗೆ ಅಂಟಿನ ಹಳದಿ ಕಲೆ ಅಷ್ಟೇ.

ಈಶಪ್ಪನವರು ಕಾಗದದ ತುದಿಯಲ್ಲಿ ಬರೆದು ತೋರಿಸಿದರು: ನುಂಗಿದ್ದೇನೆ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಹಂಗಾರ ಎರಡ ದಿನ ಕಾಯಬೇಕಿತ್ತು," ಅಂದ ಇನ್ನೊಬ್ಬ. ನಗು ಹರಡಿತು. ವಕೀಲ ನಗಲಿಲ್ಲ. "ಚೀಟಿ ಇಲ್ಲಂದ್ರ ಇದು ಬರೇ ಮಾತು. ಮೊದಲ ಓದಿದ್ದ ಖರೇ ಅಂತ ಬರದು ಬೆಂಗಳೂರಿಗೆ ಕಳಿಸೂಣು," ಅಂದ. ಅಕ್ಬರಸಾಬರು ಎದ್ದು ಚಪ್ಪಲಿ ಹುಡುಕತೊಡಗಿದರು.

ಪರಶಪ್ಪನವರು ಕಂಬಕ್ಕೆ ಒರಗಿ ನಿಂತಿದ್ದರು. ಅವರು ಬಂದದ್ದೇ ಯಾರೂ ಎಣಿಸದ ಮಾತು.

"ಚೀಟಿ ಇತ್ತು," ಅಂದರು. "ನಾನ ಇವಗ ತಿನಿಸೇನಿ. ನಮ್ಮ ಷೆಡ್ಡಿನ ಇಪ್ಪತ್ತ ಮಂದಿ ನೋಡ್ಯಾರ, ಕೇಳ್ರಿ ಬೇಕಾದ್ರ. ನಿಜಾಮನ ಸನ ನಲವತ್ತೇಳು ಇತ್ತು ಅದರ ಮ್ಯಾಲ. ನಮ್ಮಪ್ಪಂದಕ್ಕಿಂತ ನಾಕ ವರ್ಷ ಮೊದಲ. ಬರಕೋರಿ."

ಕಂಬ ಬಿಟ್ಟು ಮುಂದೆ ಬಂದರು.

"ಸಾಜೀದ ನನ್ನ ಮಗನ್ನ ಹೊಡದು ಕೊಂದಾನ. ಅದನ್ನ ನಾ ಸಾಯೂ ತನಕಾ ಬಿಡಾಂಗಿಲ್ಲ, ಕೋರ್ಟಿನ್ಯಾಗ ನೋಡ್ಕೋತೀನಿ. ಆದ್ರ ಕುಡಗೋಲು ಹಿಡಕೊಂಡು ಅವರ ಮನಿಗೆ ಹೋದಾಂವ ನನ್ನ ಮಗಾ. ಅವರು ಕದ್ದಿರಲಿಲ್ಲ, ಕದ್ದಾರ ಅಂತ ಅವಗ ಹೇಳಿದ್ರು. ಅದನ್ನೂ ಬರಕೋರಿ."

ಬರೆಯಲು ಯಾರೂ ಪುಸ್ತಕದ ಹತ್ತಿರ ಬರಲಿಲ್ಲ. ಈಶಪ್ಪನವರೇ ಬಾತಿದ ಕೈಯಿಂದ ಪೆನ್ನು ಹಿಡಿದು ಬರೆಯತೊಡಗಿದರು. ಪರಶಪ್ಪನವರು ಅವರ ಹೆಗಲ ಹಿಂದೆ ಬಂದು ನಿಂತು ಒಂದೊಂದು ಅಕ್ಷರವನ್ನೂ ನೋಡಿದರು. ಬಸ್ಯಾನ ಹೆಸರು ಬರೆಯುವಾಗ ಪೆನ್ನು ನಿಂತಿತು. "ಬರೀ," ಅಂದರು ಪರಶಪ್ಪನವರು. ಬರೆದು ಮುಗಿದ ಮೇಲೆ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಕೆಳಗೆ ಸಹಿ ಹಾಕಿದರು. ಆಮೇಲೆ ಅಕ್ಬರಸಾಬರ ಮುಖ ನೋಡದೆ, ಅವರ ಪಕ್ಕದಿಂದಲೇ ಹಾದು ಹೊರಗೆ ಹೋದರು.